ಮಾಳಗಿ ಮ್ಯಾಲ ಸೋಲಾರ್: ಟಾಕಿ ನೆರಳಿಗೆ ಎಷ್ಟು ಜಾಗ ಬಿಡಬೇಕು?

ಪ್ರಶ್ನೆ: ಕಲಬುರಗಿ, ಸಪಾಟ ಮಾಳಗಿ. ದಕ್ಷಿಣಕ್ಕ ನೀರಿನ ಟಾಕಿ, ಪ್ಯಾನೆಲ್ ಕೆಳಅಂಚಿಗಿಂತ 5 ಫೂಟು ಎತ್ತರ ಅದ. 540 ವ್ಯಾಟಿನ 6 ಪ್ಯಾನೆಲ್, ಎರಡು ಸಾಲು. ಹೆಂಗ ಕೂಡಿಸಬೇಕ್ರಿ?

ಉತ್ತರ 1: ಡಿಸೆಂಬರ್ 21ರ ಲೆಕ್ಕ ಹಿಡೀರಿ, ಆಗ ನಡುಮಧ್ಯಾಹ್ನದ ನೆರಳು ವರ್ಷದಾಗ ಎಲ್ಲಕ್ಕಿಂತ ಉದ್ದ. ಅವತ್ತು ನಡುಮಧ್ಯಾಹ್ನ ಸೂರ್ಯ ಸುಮಾರು 49 ಡಿಗ್ರಿ ಮ್ಯಾಲ, ಟಾಕಿ ನೆರಳು ಉತ್ತರಕ್ಕ 4.3 ಫೂಟು. ಮುಂಜಾನಿ 9.20ರ ಸುಮಾರಿಗೆ ಬರೇ 30 ಡಿಗ್ರಿ; ನೆರಳು ವಾಯವ್ಯಕ್ಕ 8.7 ಫೂಟು ಚಾಚತದ. ಅದು ಓರೆಯಾಗಿ ಬೀಳೂದ್ರಿಂದ ಟಾಕಿಯಿಂದ ನೇರ ಉತ್ತರಕ್ಕ 6 ಫೂಟು ಬಿಟ್ರ ಸಾಕು. ಏಳೂವರಿ ಫೂಟಿನ ಪ್ಯಾನೆಲ್ 15 ಡಿಗ್ರಿ ಓರೆ ಮಾಡಿದ್ರ ಹಿಂದಿನ ಅಂಚು 2 ಫೂಟು ಏಳತದ, ಸಾಲಿನ ನಡುವ ಎರಡೂವರಿ ಫೂಟು ಸಾಕು.

ಉತ್ತರ 2: ನೆರಳು ಬೀಳೋ ಸಾಲಿಗೆ ಬ್ಯಾರೆ ಎಂಪಿಪಿಟಿ (ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಕರೆಂಟು ತೆಗಿಯೋ ಇನ್ವರ್ಟರಿನ ಭಾಗ) ಕೊಡ್ರಿ. ಆದ್ರ 3 ಪ್ಯಾನೆಲ್‌ಗೆ ಸಿಗೋದು ಸುಮಾರು 125 ವೋಲ್ಟ್. ಇನ್ವರ್ಟರ್ ಶುರುವಾಗೋ ವೋಲ್ಟೇಜ್ ಮೊದಲು ನೋಡ್ರಿ, ಇಲ್ಲಾಂದ್ರ ಅದು ಏಳೂದೇ ಇಲ್ಲ.

ಉತ್ತರ 3: ಡಿಶ್ ಕಂಬದ ತೆಳ್ಳನ ನೆರಳೂ ಸೆಲ್ ಮ್ಯಾಲ ಬಿದ್ರ ಆ ಪ್ಯಾನೆಲ್ ಕೊಡೋ ಕರೆಂಟಿನ ಮೂರನೇ ಒಂದು ಪಾಲು ಹೋಗಬಹುದು. ಮೊದಲು ಅದನ್ನ ಉತ್ತರಕ್ಕ ಸರಸ್ರಿ.