ಅಪ್‌ಡೇಟ್: ಪದವಿ ಇಲ್ಲದೆ ಸೈಬರ್ ಭದ್ರತೆಯ ಕೆಲಸ ಸಿಕ್ಕಿತು

ಪಿಯುಸಿಗೇ ಓದು ನಿಲ್ಲಿಸಿದ ತುಮಕೂರಿನವನಿಗೆ ಸೈಬರ್ ಭದ್ರತೆಯಲ್ಲಿ ಕೆಲಸ ಸಿಗುತ್ತದೆಯೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಸಿಕ್ಕಿದೆ! ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ, ರಾತ್ರಿ ಪಾಳಿ.

ಮೊದಲು ನೆಟ್‌ವರ್ಕಿಂಗ್, ಅಂದರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಸಂಪರ್ಕಿಸುವ ಬಗೆ, ಕಲಿಯಿರಿ ಎಂದು ಆಗ ಉತ್ತರಿಸಿದವರಿಗೆ ನಾನು ಋಣಿ. ಟಿಸಿಪಿ (ಕಂಪ್ಯೂಟರ್‌ಗಳು ಮಾಹಿತಿ ಕಳಿಸಿಕೊಳ್ಳಲು ಪಾಲಿಸುವ ನಿಯಮ) ಸಂಪರ್ಕ ಹೇಗೆ ಏರ್ಪಡುತ್ತದೆ, ಡಿಎನ್‌ಎಸ್ ವ್ಯವಸ್ಥೆ ವೆಬ್‌ಸೈಟ್ ಹೆಸರಿಗೆ ತಕ್ಕ ಐಪಿ ವಿಳಾಸವನ್ನು (ಜಾಲದಲ್ಲಿ ಅದರ ಅಂಕಿ ವಿಳಾಸ) ಹೇಗೆ ಹುಡುಕಿಕೊಡುತ್ತದೆ ಎಂಬುದನ್ನು ಜಾಲದಲ್ಲಿ ಹರಿಯುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಕಣ್ಣಾರೆ ಕಂಡ ಮೇಲೆಯೇ ಉಳಿದದ್ದು ತಲೆಗೆ ಹತ್ತಿತು. ಸಂದರ್ಶನದಲ್ಲೂ ಅದನ್ನೇ ಕೆದಕಿ ಕೆದಕಿ ಕೇಳಿದರು. ವೆಬ್‌ಸೈಟ್‌ಗಳ ಭದ್ರತೆ ಕಲಿಯಲು ಪೋರ್ಟ್‌ಸ್ವಿಗರ್ ಕಂಪನಿಯ ಆನ್‌ಲೈನ್ ತಾಣ ವೆಬ್ ಸೆಕ್ಯುರಿಟಿ ಅಕಾಡೆಮಿ ಉಚಿತ. ದುಬಾರಿ ಕೋರ್ಸಿಗಾಗಿ ದಯವಿಟ್ಟು ಮನೆಯವರಿಂದ ಸಾಲ ಮಾಡಿಸಬೇಡಿ. ಕಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಎಂಬ ಸೈಬರ್ ಭದ್ರತೆಯ ಪ್ರಮಾಣಪತ್ರ ಪರೀಕ್ಷೆಗೂ ಪದವಿ ಬೇಡ: 90 ನಿಮಿಷ, ಗರಿಷ್ಠ 90 ಪ್ರಶ್ನೆ, ತೇರ್ಗಡೆಗೆ 900ಕ್ಕೆ 750 ಅಂಕ.

ಕೆಲವು ಕಂಪನಿಗಳು ಪದವಿ ಇಲ್ಲವೆಂದು ಅರ್ಜಿಯನ್ನೇ ಬದಿಗಿಟ್ಟದ್ದೂ ನಿಜ. ಅದಕ್ಕೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಬಿಸಿಎ ಪದವಿಗೆ ಸೇರಲಿದ್ದೇನೆ.