ಮನೆ ಬಾಗಿಲಲ್ಲೇ ಕಾಳು ಮಾರಿದವರು ದಡ್ಡರೇನು?

ಗುಂಪು: ಮನೆಮಂದಿ

ದೊಡ್ಡಪ್ಪ, ಬೆಳಿಗ್ಗೆ 6:40
(ಹಲವು ಬಾರಿ ಫಾರ್ವರ್ಡ್ ಆಗಿದೆ)
"ರೈತ ಬಡವನಾಗಿರುವುದು ಬೆಳೆಯಲು ಬರದೆ ಅಲ್ಲ, ಮಾರಲು ಬರದೆ! ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ರೇಟಿಗೆ ಕಾಳು ಕೊಟ್ಟುಬಿಡುತ್ತಾನೆ. ಅದನ್ನೇ ಮಾರುಕಟ್ಟೆಗೆ ಒಯ್ದರೆ ಜಾಸ್ತಿ ಹಣ. ನಾಲ್ಕು ತಿಂಗಳು ಕಾದರೆ ಇನ್ನೂ ಜಾಸ್ತಿ. ಎಲ್ಲ ರೇಟೂ ಮೊಬೈಲಿನಲ್ಲೇ ಇದೆ. ಬುದ್ಧಿ ಉಪಯೋಗಿಸಿ. ಹತ್ತು ಜನರಿಗೆ ಕಳಿಸಿ."

ದೊಡ್ಡಪ್ಪ, 6:41
ಎಲ್ಲರೂ ಓದಿ. ನೂರಕ್ಕೆ ನೂರು ನಿಜ.

ತಮ್ಮ, 7:15
ಹೌದು ದೊಡ್ಡಪ್ಪ. ಈಗ ಆ್ಯಪ್ ಬೇಕಾದಷ್ಟಿವೆ. ನೋಡುವವರು ಕಡಿಮೆ ಅಷ್ಟೇ.

ನಾನು, 7:32
ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಓದಿ ನನಗೆ ಸಂಕಟವಾಯಿತು. ಅತ್ತೆ ಇದೇ ಗುಂಪಿನಲ್ಲಿದ್ದಾರೆ. ಹೋದ ವಾರ ಎಂಟು ಚೀಲ ಮೆಕ್ಕೆಜೋಳ ಮನೆ ಬಾಗಿಲಲ್ಲೇ ಮಾರಿದರು. ಅವರಿಗೆ ಬುದ್ಧಿ ಇಲ್ಲ ಅಂತ ನಾವ್ಯಾರಾದರೂ ಹೇಳೋಕೆ ಆಗುತ್ತಾ?

ದೊಡ್ಡಪ್ಪ, 7:36
ನನ್ನ ತಂಗಿಗೆ ನಾನು ಹಾಗೆ ಅಂದೆನೇನೋ? ಸಾಮಾನ್ಯವಾಗಿ ಹೇಳಿದ್ದು ಅದು. ಆದರೆ ಲೆಕ್ಕ ಲೆಕ್ಕವೇ. ಅಲ್ಲಿ ಜಾಸ್ತಿ ಸಿಗುವಾಗ ಇಲ್ಲಿ ಕಡಿಮೆಗೆ ಕೊಡುವುದು ಯಾಕೆ?

ನಾನು, 7:58
ಆ ಲೆಕ್ಕವನ್ನೇ ಮಾಡೋಣ. ದುಡ್ಡಿನಲ್ಲಿ ಬೇಡ, ಚೀಲದಲ್ಲೇ ಮಾಡೋಣ. ಇದು ಬರೀ ಉದಾಹರಣೆ. ಮಾರುಕಟ್ಟೆಯಲ್ಲಿ ನೂರಕ್ಕೆ ಹತ್ತು ಜಾಸ್ತಿ ಸಿಗುತ್ತೆ ಅಂತ ಇಟ್ಟುಕೊಳ್ಳಿ. ಎಂಟು ಚೀಲ ಒಯ್ದರೆ ಮುಕ್ಕಾಲು ಚೀಲದ ಮೇಲೆ ಸ್ವಲ್ಪ ಲಾಭ. ಗಾಡಿ ಬಾಡಿಗೆಗೆ ಅರ್ಧ ಚೀಲ ಹೋಯಿತು. ಹೇರುವ, ಇಳಿಸುವ ಕೂಲಿ, ಕಮಿಷನ್ ಎಲ್ಲ ಸೇರಿ ಕಾಲು ಚೀಲ ಹೋಯಿತು. ಉಳಿದಿದ್ದು ಹಿಡಿ ಕಾಳು. ಇಡೀ ದಿನದ ಕೆಲಸ ಬಿಟ್ಟಿದ್ದನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಎಂಬತ್ತು ಚೀಲ ಇರುವವನ ಲೆಕ್ಕವೇ ಬೇರೆ. ಅವನಿಗೆ ಎಂಟು ಚೀಲ ಲಾಭ. ಗಾಡಿ ದೊಡ್ಡದಾದರೂ ಬಾಡಿಗೆ ಹತ್ತು ಪಟ್ಟು ಆಗುವುದಿಲ್ಲ. ಎರಡು ಚೀಲ ಅನ್ನಿ. ಕೂಲಿ, ಕಮಿಷನ್ ಎರಡೂವರೆ. ಕೈಯಲ್ಲಿ ಮೂರೂವರೆ ಚೀಲ ಉಳಿಯುತ್ತೆ. ಅವನು ಹೋಗುತ್ತಾನೆ, ಹೋಗಲೇಬೇಕು. ಇಬ್ಬರಿಗೂ ಬುದ್ಧಿ ಒಂದೇ. ಚೀಲಗಳ ಸಂಖ್ಯೆ ಮಾತ್ರ ಬೇರೆ.

ಭಾವ, 8:10
ಅವನು ಹೇಳಿದ್ದು ಸರಿ ದೊಡ್ಡ ಮಾವ. ಉಗಾಂಡದ ಕಾಫಿ ಬೆಳೆಗಾರರ ಮೇಲೆ 2005ರಲ್ಲಿ ಒಂದು ಅಧ್ಯಯನ ಬಂದಿತ್ತು. ಕಾಳಿನದ್ದಲ್ಲ ನಿಜ, ಆದರೆ ಪ್ರಶ್ನೆ ಇದೇ. ಮನೆ ಬಾಗಿಲಲ್ಲಿ ಮಾರುವುದಾ, ಮಾರುಕಟ್ಟೆಗೆ ಹೋಗುವುದಾ ಅಂತ. ಸರಕು ಜಾಸ್ತಿ ಇದ್ದಾಗ, ಮಾರುಕಟ್ಟೆ ಹತ್ತಿರ ಇದ್ದಾಗ ಜನ ಹೋಗುತ್ತಾರೆ ಅಂತ ಅದರಲ್ಲಿ ಗೊತ್ತಾಯಿತು.

ದೊಡ್ಡಪ್ಪ, 8:21
ಸರಿ, ಎಂಟು ಚೀಲದವರು ಹತ್ತು ಜನ ಸೇರಿ ಒಂದು ಗಾಡಿ ಮಾಡಲಿ. ಎಂಬತ್ತು ಚೀಲ ಆಯಿತಲ್ಲ! ಯಾಕೆ ಮಾಡಲ್ಲ?

ನಾನು, 8:30
ಒಳ್ಳೆ ಮಾತು ದೊಡ್ಡಪ್ಪ, ಮಾಡಿದ ಕಡೆ ನಡೆದೂ ಇದೆ. ಆದರೆ ಹತ್ತು ಜನರ ಕಾಳು ಒಂದೇ ದಿನ ಒಣಗಬೇಕು. ಒಬ್ಬರದ್ದು ಹಸಿಯಾಗಿದ್ದರೆ ಇಡೀ ಗಾಡಿಯ ರೇಟು ಬೀಳುತ್ತೆ. ಹತ್ತು ಜನರಿಗೆ ಒಂದೇ ದಿನ ದುಡ್ಡಿನ ಅವಸರ ಇರುವುದೂ ಇಲ್ಲ. ನಾಳೆಯೇ ಬೇಕು ಅನ್ನುವವನು ಗಾಡಿ ತುಂಬುವ ತನಕ ಕಾಯುತ್ತಾನಾ?

ತಮ್ಮ, 8:34
ಅಣ್ಣ, ಆ್ಯಪ್ ವಿಷಯ ಹೇಳಲೇ ಇಲ್ಲ. ರೇಟು ಗೊತ್ತಿದ್ದರೆ ಬಾಗಿಲಲ್ಲೇ ನಿಂತು ಚೌಕಾಸಿ ಮಾಡಬಹುದು ಅಲ್ವಾ?

ನಾನು, 8:52
ಮಾಡಬಹುದು. ರೇಟು ಗೊತ್ತಿರುವುದು ಒಳ್ಳೆಯದೇ, ಆದರೆ ಅದೊಂದೇ ಸಾಲದು. ನೈಜರ್ ದೇಶಕ್ಕೆ 2001ರಿಂದ ಮೊಬೈಲ್ ಬಂತು. ಆಮೇಲೆ ಒಂದು ಮಾರುಕಟ್ಟೆಗೂ ಇನ್ನೊಂದಕ್ಕೂ ಇದ್ದ ಕಾಳಿನ ಬೆಲೆಯ ವ್ಯತ್ಯಾಸ ನೂರಕ್ಕೆ 10ರಿಂದ 16ರಷ್ಟು ಇಳಿಯಿತು. ವ್ಯಾಪಾರಿಗಳು ಊರೂರು ತಿರುಗದೆ ಫೋನಿನಲ್ಲೇ ವಿಚಾರಿಸತೊಡಗಿದರು. ಸಂತೋಷವೇ. ಮುಂದೆ ಅದೇ ದೇಶದಲ್ಲಿ ರೈತನ ಕೈಗೆ ಸಿಗುವ ಬೆಲೆಯನ್ನೂ ನೋಡಿದರು. ಸರಾಸರಿ ಬೆಲೆ ಏರಿರಲಿಲ್ಲ. ಅಲಸಂದೆಯಲ್ಲಿ ಊರಿಂದೂರಿಗೆ ಇದ್ದ ವ್ಯತ್ಯಾಸ ಒಂದಿಷ್ಟು ತಗ್ಗಿತ್ತು. ಸಜ್ಜೆ, ಜೋಳದಲ್ಲಿ ಅದೂ ಇಲ್ಲ.

ರೇಟು ಗೊತ್ತಿದ್ದು, "ಹಾಗಾದರೆ ನಿನಗೆ ಕೊಡಲ್ಲ ಹೋಗು" ಅನ್ನುವ ಧೈರ್ಯ ಇಲ್ಲದಿದ್ದರೆ ಏನು ಮಾಡೋದು ಹೇಳು?

ಭಾವ, 9:05
ಕೊಳ್ಳುವವರು ಇನ್ನೊಬ್ಬರಿದ್ದರೆ ಆ ಧೈರ್ಯ ಬರುತ್ತೆ. ಮಧ್ಯಪ್ರದೇಶದಲ್ಲಿ 2000ದಿಂದ ಐಟಿಸಿ ಕಂಪನಿಯವರು ಹಳ್ಳಿಗಳಲ್ಲಿ ಇ-ಚೌಪಾಲ್ ಅನ್ನುವ ಹೆಸರಿನಲ್ಲಿ ಕಂಪ್ಯೂಟರ್ ಇಟ್ಟರು. ಸೋಯಾ ರೇಟು ಅಲ್ಲೇ ಕಾಣುತ್ತಿತ್ತು, ಜೊತೆಗೆ ತಾವೇ ನೇರವಾಗಿ ಕೊಳ್ಳುತ್ತಲೂ ಇದ್ದರು. ಆಗ ಸುತ್ತಲಿನ ಮಂಡಿಗಳಲ್ಲೂ ಬೆಲೆ ನೂರಕ್ಕೆ 1ರಿಂದ 3ರಷ್ಟು ಏರಿತು. ಅವರಿಗೆ ಮಾರದೆ ಮಂಡಿಗೇ ಹೋದವರಿಗೂ ಲಾಭ ಸಿಕ್ಕಿತು.

ದೊಡ್ಡಪ್ಪ, 9:20
ನೀವು ದೇಶ ದೇಶದ ಲೆಕ್ಕ ಹೇಳುತ್ತಾ ಹೋದರೆ ನಾನೇನು ಹೇಳಲಿ. ನನ್ನ ಸಿಟ್ಟು ಬೇರೆ ಕಡೆ ಇದೆ. ಬಾಗಿಲಿಗೆ ಬರುವವನ ತಕ್ಕಡಿ ನಂಬೋಕಾಗಲ್ಲ. ಕ್ವಿಂಟಲಿಗೆ ಎರಡು ಮೂರು ಕೆಜಿ ಹೊಡೆಯುತ್ತಾನೆ. ಕಣ್ಣಾರೆ ನೋಡಿದ್ದೇನೆ. ಮಾರುಕಟ್ಟೆಯಲ್ಲಾದರೆ ನಾಲ್ಕು ಜನರ ಎದುರು ತೂಕ.

ನಾನು, 9:48
ತಕ್ಕಡಿ ವಿಷಯದಲ್ಲಿ ನೀವು ಹೇಳಿದ್ದು ನಿಜ, ಒಪ್ಪುತ್ತೇನೆ. ಆದರೆ ನಾಲ್ಕು ಜನರ ಎದುರು ಏನಾಗುತ್ತೆ ಅಂತ ನಾನೂ ನೋಡಿದ್ದೇನೆ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಅಪ್ಪನ ಜೊತೆ ಆರು ಚೀಲದ ಮೇಲೆ ಕೂತು ಹೋಗಿದ್ದೆ. ಬೆಳಗಿನ ಜಾವ ಹೊರಟೆವು. ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಕೊಳ್ಳುವವನು ಚೂಪಾದ ಕೊಳವೆ ತಂದು ಚೀಲಕ್ಕೆ ಚುಚ್ಚಿದ. ಹಿಡಿ ಕಾಳು ಅಂಗೈಗೆ ಸುರಿದುಕೊಂಡ. ಒಂದನ್ನು ಬಾಯಿಗೆ ಹಾಕಿ ಕಚ್ಚಿದ. "ಹಸಿ ಇದೆ" ಅಂದ. ಅಪ್ಪನೂ ಒಂದು ಕಾಳು ತೆಗೆದುಕೊಂಡು ಕಚ್ಚಿದರು. ಟಕ್ ಅಂತ ಸದ್ದು ಬಂತು. ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅವನು ಮುಂದಿನ ಚೀಲಕ್ಕೆ ಹೋಗಿಬಿಟ್ಟ. ರೇಟು ಇಳಿಸಿ ಚೀಟಿ ಬರೆದ.

ಸಂಜೆ ಗಾಡಿಯವನು "ನಾನು ಹೊರಡುತ್ತೇನೆ, ವಾಪಸ್ ಹೇರುವುದಾದರೆ ಇನ್ನೊಂದು ಬಾಡಿಗೆ" ಅಂದ. ಅಪ್ಪ ಚೀಟಿಗೆ ಸಹಿ ಹಾಕಿದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಖಾಲಿ ಚೀಲಗಳನ್ನು ಮಡಚಿ ಮಡಚಿ ತೊಡೆ ಮೇಲೆ ಇಟ್ಟುಕೊಂಡಿದ್ದರು.

ಅಲ್ಲಿ ತನಕ ಕಾಳು ಒಯ್ದ ಮೇಲೆ ವಾಪಸ್ ತರೋಕೆ ಆಗುವುದಿಲ್ಲ ಅಂತ ಕೊಳ್ಳುವವನಿಗೆ ಗೊತ್ತಿರುತ್ತೆ ದೊಡ್ಡಪ್ಪ. ಬಾಗಿಲಲ್ಲಾದರೆ ಬೇಡ ಅಂದು ಒಳಗೆ ಹೋಗಬಹುದು. ಅದಕ್ಕೂ ಒಂದು ಬೆಲೆ ಇದೆ.

ದೊಡ್ಡಪ್ಪ, 9:55
ನಿಮ್ಮಪ್ಪ ನನಗೆ ಇದನ್ನು ಹೇಳಲೇ ಇಲ್ಲ ಕಣೋ.

ಅಕ್ಕ, 10:30
ಅತ್ತೆಯನ್ನು ಯಾರೂ ಕೇಳುತ್ತಿಲ್ಲ. ಮಾರಿದ್ದು ಅವರು. ಅವರೇ ಹೇಳಲಿ ಬಿಡಿ.

ಅತ್ತೆ, ಮಧ್ಯಾಹ್ನ 1:25
ಈಗ ನೋಡಿದೆ. ಕಾಳು ಒಣ ಹಾಕಿದ್ದೆ, ಮೋಡ ಆಯಿತು ಅಂತ ಬಾಚಿ ಒಳಗೆ ಹಾಕಿ ಬಂದೆ. ಅಣ್ಣ, ನೀವು ಕಳಿಸಿದ್ದು ಓದಿದೆ. ಬೇಜಾರಿಲ್ಲ. ಆದರೆ ನಾನು ಕೊಟ್ಟಿದ್ದು ಯಾಕೆ ಅಂತ ಹೇಳುತ್ತೇನೆ.

ಅತ್ತೆ, 1:41
ಬಿತ್ತನೆ ಹೊತ್ತಿಗೆ ಗೊಬ್ಬರಕ್ಕೆ ದುಡ್ಡು ಇರಲಿಲ್ಲ. ಆ ವ್ಯಾಪಾರಿಯೇ ಕೊಟ್ಟ. ಕಾಗದ ಇಲ್ಲ, ಸಹಿ ಇಲ್ಲ. ನಡುವೆ ಇವರಿಗೆ ಹುಷಾರಿಲ್ಲದಾಗ ರಾತ್ರಿ ಫೋನ್ ಮಾಡಿದೆ, ಆಗಲೂ ಕೊಟ್ಟ. "ಕಾಳು ನನಗೇ ಕೊಡಬೇಕು" ಅಂತ ಒಂದೇ ಮಾತು. ಅಂದೇ ಕಾಳು ಮಾರಿದ ಹಾಗೆ ಅಲ್ವಾ. ಬೆಳೆ ಇನ್ನೂ ಮೊಣಕಾಲುದ್ದ ಇತ್ತು. ಅವನು ರೇಟು ಸ್ವಲ್ಪ ಕಡಿಮೆ ಹಾಕಿದ ಅಂತ ನನಗೂ ಗೊತ್ತು. ಅದು ಅವನ ಬಡ್ಡಿ. ಈಗ ನಾನು ಬೇರೆ ಕಡೆ ಕೊಟ್ಟರೆ ಮುಂದಿನ ಸಲ ರಾತ್ರಿ ಯಾರಿಗೆ ಫೋನ್ ಮಾಡಲಿ?

ತಕ್ಕಡಿಗೆ ಒಂದು ದಾರಿ ಮಾಡಿಕೊಂಡಿದ್ದೇನೆ. ಮೊದಲೇ ಪಕ್ಕದ ಮನೆಯ ತಕ್ಕಡಿಯಲ್ಲಿ ಒಂದು ಚೀಲ ತೂಗಿ, ಬಾಯಿಗೆ ಕೆಂಪು ದಾರ ಕಟ್ಟಿ ಇಡುತ್ತೇನೆ. ಅವನು ಬಂದಾಗ ಆ ಚೀಲವನ್ನೇ ಮೊದಲು ತೂಗಿಸುತ್ತೇನೆ. ಎರಡು ಕೆಜಿ ಕಡಿಮೆ ಬಂತು ಅಂದರೆ ಸುಮ್ನೆ ಆ ದಾರ ತೋರಿಸುತ್ತೇನೆ. ಆಮೇಲೆ ತಕ್ಕಡಿ ಸರಿಯಾಗುತ್ತೆ.

ಅಕ್ಕ, 1:44
ಅತ್ತೆ ❤️

ಭಾವ, 1:50
ಬೆಳೆ ಮೊಣಕಾಲುದ್ದ ಇದ್ದಾಗಲೇ ಮಾರಾಟ ಆಯಿತು ಅಂದಿರಲ್ಲ, ವಿಷಯ ಇರೋದೇ ಅಲ್ಲಿ. ಎಲ್ಲಿ ಮಾರಬೇಕು ಅನ್ನುವುದನ್ನು ಜನ ಸುಗ್ಗಿಯಲ್ಲಿ ಕೇಳುತ್ತಾರೆ. ಸಾಲ ತಂದ ದಿನವೇ ಅದು ತೀರ್ಮಾನ ಆಗಿರುತ್ತೆ.

ದೊಡ್ಡಪ್ಪ, 2:15
ಆಯಿತು. ಮಾರುಕಟ್ಟೆ ಮಾತು ಬಿಟ್ಟೆ. ಕಾಯುವುದರ ಬಗ್ಗೆ ಹೇಳಿ. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರುತ್ತಾರೆ, ಬೆಲೆ ಬೀಳುತ್ತೆ. ಆಮೇಲೆ ಅದೇ ಜನ ಮನೆಗೆ ಕಾಳು ಸಾಲದೆ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಇದಂತೂ ತಪ್ಪು ಅಲ್ವಾ?

ನಾನು, 2:38
ಇದರಲ್ಲಿ ನೀವು ಹೇಳಿದ್ದು ಪೂರ್ತಿ ಸರಿ, ತಪ್ಪು ಯಾರದು ಅನ್ನುವುದೊಂದನ್ನು ಬಿಟ್ಟು. ಕೀನ್ಯಾದ ಮೆಕ್ಕೆಜೋಳದ ರೈತರೂ ಹೀಗೇ, ಅಗ್ಗವಿದ್ದಾಗ ಮಾರಿ ತುಟ್ಟಿಯಾದಾಗ ಕೊಳ್ಳುತ್ತಿದ್ದರು. ಅಲ್ಲಿ ಕೆಲವರಿಗೆ ಸಕಾಲಕ್ಕೆ ಸಾಲ ಕೊಟ್ಟು ನೋಡಿದರು. ಬುದ್ಧಿಮಾತು ಹೇಳಲಿಲ್ಲ. ಆ ಸಾಲದಿಂದ ಅವಸರದ ಖರ್ಚು ಕಳೆಯಿತು, ಕಾಳು ಮನೆಯಲ್ಲಿ ಉಳಿಯಿತು, ಬೆಲೆ ಏರಿದಾಗ ಮಾರಿದರು. ಹಾಕಿದ ದುಡ್ಡಿಗೆ ನೂರಕ್ಕೆ 29ರಷ್ಟು ಲಾಭ ಬಂತು. 2019ರಲ್ಲಿ ಪ್ರಕಟವಾದ ಲೆಕ್ಕ ಇದು. ಜಾಸ್ತಿ ಜನರಿಗೆ ಸಾಲ ಸಿಕ್ಕ ಕಡೆ ಸುಗ್ಗಿಯ ಬೆಲೆಗೂ ಆಮೇಲಿನ ಬೆಲೆಗೂ ಇದ್ದ ಅಂತರವೇ ಕಡಿಮೆಯಾಯಿತು.

ಕಾದರೆ ಲಾಭ ಅಂತ ಆ ರೈತರಿಗೆ ಮೊದಲೇ ಗೊತ್ತಿತ್ತು. ಕಾಯಲು ಕೈಯಲ್ಲಿ ಕಾಸಿರಲಿಲ್ಲ.

ತಮ್ಮ, 2:45
ಅಣ್ಣ, ಇಟ್ಟ ಕಾಳಿಗೆ ಹುಳು ಬಿದ್ದರೆ? ತೂಕ ಇಳಿದರೆ?

ಅತ್ತೆ, 2:58
ಒಳ್ಳೆ ಪ್ರಶ್ನೆ ಕೇಳಿದೆ ಮಗಾ. ಹಸಿ ಕಾಳು ಇಟ್ಟರೆ ಬೂಸಲು ಹಿಡಿದು ಎಲ್ಲ ಹೋಗುತ್ತೆ. ನಾನು ಉಪ್ಪಿನಲ್ಲಿ ನೋಡುತ್ತೇನೆ. ಒಣಗಿದ ಗಾಜಿನ ಬಾಟಲಿಗೆ ಕಾಳು ಹಾಕು, ಮೇಲೆ ಒಂದೆರಡು ಚಮಚ ಒಣ ಪುಡಿ ಉಪ್ಪು ಹಾಕು. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕು. ಕಾಲು ಗಂಟೆ ಬಿಡು. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳು ಇನ್ನೂ ಹಸಿ. ಉಪ್ಪೆಲ್ಲ ತಳಕ್ಕೆ ಇಳಿದರೆ ಒಣಗುತ್ತಾ ಬಂತು ಅಂತ. ಆಮೇಲೂ ಒಂದೆರಡು ಬಿಸಿಲು ತೋರಿಸಬೇಕು.

ಭಾವ, 3:06
ಉಪ್ಪು ಅಂಟಲಿಲ್ಲ ಅಂದರೆ ತೇವ ನೂರಕ್ಕೆ 15ಕ್ಕಿಂತ ಕೆಳಗೆ ಬಂದಿದೆ ಅಂತ. ಇಡುವುದಕ್ಕೆ 13ರ ಹತ್ತಿರ ಬಂದರೆ ಒಳ್ಳೆಯದು. ತೂಕವೂ ಇಳಿಯುತ್ತೆ. 18 ತೇವದ 100 ಕೆಜಿ ಕಾಳು 13ಕ್ಕೆ ಒಣಗಿದರೆ 94 ಕೆಜಿಯಷ್ಟೇ ಉಳಿಯೋದು. ಹುಳುವಿಗೆ ಗಾಳಿಯಾಡದ ಚೀಲ ಇದೆ. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೆ ಮಾಮೂಲಿ ಚೀಲ. ಬಾಯಿ ಬಿಗಿಯಾಗಿ ಕಟ್ಟಿದರೆ ಒಳಗಿನ ಹುಳು ಉಸಿರಿಲ್ಲದೆ ಸಾಯುತ್ತೆ, ಔಷಧಿ ಬೇಡ. ಇಲಿ ತೂತು ಮಾಡದಂತೆ ನೋಡಿಕೊಳ್ಳಬೇಕು ಅಷ್ಟೇ.

ನಾನು, 3:15
ನೋಡಿ ದೊಡ್ಡಪ್ಪ, ಒಣಗಿಸಲು ಜಾಗ, ಒಳ್ಳೆ ಚೀಲ, ನಾಲ್ಕು ತಿಂಗಳ ಖರ್ಚಿಗೆ ದುಡ್ಡು, ಇದೆಲ್ಲ ಇದ್ದವನಿಗೆ ಎಲ್ಲಿ ಮಾರಲಿ, ಯಾವಾಗ ಮಾರಲಿ ಅನ್ನುವ ಆಯ್ಕೆ ಇರುತ್ತೆ. ಇಲ್ಲದವನನ್ನು ಬುದ್ಧಿ ಉಪಯೋಗಿಸು ಅಂದರೆ ಅವನ ಮನಸ್ಸಿಗೆ ಎಷ್ಟು ನೋವಾಗುತ್ತೆ. ನನಗೆ ಸಿಟ್ಟು ಬಂದಿದ್ದು ಆ ಒಂದು ಸಾಲಿಗೆ.

ದೊಡ್ಡಪ್ಪ, 4:40
(ಈ ಸಂದೇಶವನ್ನು ಅಳಿಸಲಾಗಿದೆ)

ದೊಡ್ಡಪ್ಪ, 4:44
ತಂಗಿ, ಇನ್ನು ಎಷ್ಟು ಕಾಳಿದೆ ಮನೆಯಲ್ಲಿ?

ಅತ್ತೆ, 4:51
ಹದಿನಾಲ್ಕು ಚೀಲ ಆಗಬಹುದು ಅಣ್ಣ. ವ್ಯಾಪಾರಿಯ ಬಾಕಿ ಆ ಎಂಟು ಚೀಲದಲ್ಲೇ ತೀರಿತು. ಇದರಲ್ಲಿ ಮನೆಗೆ ನಾಲ್ಕು. ಉಳಿದ ಹತ್ತನ್ನು ಈ ವಾರ ಕೊಡಬೇಕು, ಮಗಳ ಕಾಲೇಜು ಫೀಸಿಗೆ ಸೋಮವಾರ ಕೊನೆ.

ದೊಡ್ಡಪ್ಪ, 5:02
ಕೊಡಬೇಡ. ಫೀಸು ನಾನು ಕಟ್ಟುತ್ತೇನೆ. ಕಾಳು ಇಡು, ಬೆಲೆ ಬಂದಾಗ ಮಾರಿ ನನಗೆ ವಾಪಸ್ ಕೊಡು. ಆ ಮೂರು ಪದರದ ಚೀಲ ಎಲ್ಲಿ ಸಿಗುತ್ತೆ ಅಂತ ಭಾವ ನೋಡಲಿ.

ಅತ್ತೆ, 5:20
ಸಾಲ ಅಂತ ಬರೆದಿಟ್ಟುಕೊಳ್ಳಿ ಅಣ್ಣ. ಆಗಲೇ ನಾನು ತೆಗೆದುಕೊಳ್ಳೋದು.

ದೊಡ್ಡಪ್ಪ, 5:22
ಬರೆದೆ. ಎಷ್ಟು ಚೀಲ ಇಡುತ್ತೀಯ?

ಅತ್ತೆ, 5:31
ಎಂಟು. ಎರಡು ಅವನಿಗೇ ಕೊಡುತ್ತೇನೆ, ಮಾತು ಕೊಟ್ಟಿದ್ದೇನೆ. ಭಾವನಿಗೆ ಹೇಳಿ, ಚೀಲ ಎಂಟು ಸಾಕು.