ಲಗವುಲಿನ್ ವಿಸ್ಕಿ ಆದಮೇಲೆ ಬೇರೆ ಯಾವುದೂ ರುಚಿಸುತ್ತಿಲ್ಲ, ಟೇಸ್ಟಿಂಗ್ ಕ್ರಮ ಹೇಗಿಡಲಿ?

ಪ್ರಶ್ನೆ:
ಬರುವ ಶನಿವಾರ ಬೆಂಗಳೂರಿನ ನಮ್ಮ ಮನೆಯಲ್ಲಿ ಗೆಳೆಯರು ಸೇರುತ್ತಿದ್ದೇವೆ. ಇರುವ ಸಿಂಗಲ್ ಮಾಲ್ಟ್‌ಗಳು (ಒಂದೇ ಡಿಸ್ಟಿಲರಿಯಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದಲೇ ಮಾಡಿದ ವಿಸ್ಕಿಗಳು): ಆಕೆಂಟಾಷನ್ 12 (40%), ಗ್ಲೆನ್‌ಮೊರೆಂಜಿ ಒರಿಜಿನಲ್ (40%), ಗ್ಲೆನ್‌ಡ್ರೊನಾಕ್ 12 (43%), ಲಗವುಲಿನ್ 16 (43%), ಟ್ಯಾಲಿಸ್ಕರ್ 10 (45.8%), ಅಮೃತ್ ಫ್ಯೂಷನ್ (50%). ಹೋದ ಸಲ ಆಲ್ಕೋಹಾಲ್ ನೋಡಿ ಇದೇ ಸಾಲಿನಲ್ಲಿ ಕುಡಿದೆವು. ಲಗವುಲಿನ್ ಆದಮೇಲೆ ಟ್ಯಾಲಿಸ್ಕರ್ ಸಪ್ಪೆ, ಫ್ಯೂಷನ್ ಬರೀ ಉರಿ ಅಂದರು ಎಲ್ಲರೂ. ಫ್ಯೂಷನ್ ನಮ್ಮೂರಿನದು, ಅದರ ರುಚಿ ಸರಿಯಾಗಿ ಸಿಗಬೇಕು. ವಯಸ್ಸಿನ ಪ್ರಕಾರ (ಹೆಸರಿನ ಪಕ್ಕದ 10, 12, 16 ವರ್ಷ) ಇಟ್ಟರೆ ಆಗುತ್ತಾ?

ಉತ್ತರ 1:
ವಯಸ್ಸಿನಿಂದ ಏನೂ ಗೊತ್ತಾಗುವುದಿಲ್ಲ. ಫ್ಯೂಷನ್ ಬಾಟಲಿ ಮೇಲೆ ವಯಸ್ಸೇ ಬರೆದಿಲ್ಲ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಿನ ಹವೆಗೆ ಅದರ ಐದಾರು ಪಟ್ಟು ಹೋಗುತ್ತದೆ, ಇಲ್ಲಿ ವಿಸ್ಕಿ ಬೇಗ ಮಾಗುತ್ತದೆ, ಹಾಗಾಗಿ ಅಲ್ಲಿನ ವರ್ಷಕ್ಕೂ ಇಲ್ಲಿನ ವರ್ಷಕ್ಕೂ ಹೋಲಿಕೆ ಇಲ್ಲ.

ಕ್ರಮ ಇಡುವಾಗ ಮೊದಲು ವಿಸ್ಕಿಯಲ್ಲಿ ಹೊಗೆ ರುಚಿ ಎಷ್ಟಿದೆ ನೋಡಿ, ಆಮೇಲೆ ಆಲ್ಕೋಹಾಲ್. ಆಲ್ಕೋಹಾಲ್ ಉರಿ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ನೀರು ಬೆರೆಸಿಯೂ ತಗ್ಗಿಸಬಹುದು. ಪೀಟ್ (ಜೌಗು ನೆಲದಲ್ಲಿ ಗಿಡಗಳು ಕೊಳೆತು ಆದ, ಉರುವಲಾಗಿ ಸುಡುವ ಮಣ್ಣು) ಹೊಗೆ ಹಾಗಲ್ಲ. ಬಾರ್ಲಿ ಒಣಗಿಸುವಾಗ ಆ ಹೊಗೆಯ ವಾಸನೆ ಕೊಡುವ ಫೀನಾಲ್ ಎಂಬ ರಾಸಾಯನಿಕ ಕಾಳಿಗೆ ಅಂಟುತ್ತದೆ, ಅದೇ ಗ್ಲಾಸಿನವರೆಗೂ ಬಂದು ಬಾಯಲ್ಲಿ ಕೂತುಬಿಡುತ್ತದೆ. ಲಗವುಲಿನ್ ಮಾಲ್ಟ್‌ನಲ್ಲಿ ಫೀನಾಲ್ ಸುಮಾರು 35 ಪಿಪಿಎಂ (ಹತ್ತು ಲಕ್ಷದಲ್ಲಿ 35 ಭಾಗ), ಟ್ಯಾಲಿಸ್ಕರ್‌ನಲ್ಲಿ ಅದಕ್ಕಿಂತ ಕಡಿಮೆ. ಫ್ಯೂಷನ್‌ನಲ್ಲಿ ಸ್ಕಾಟ್ಲೆಂಡಿನ ಪೀಟ್ ಬಾರ್ಲಿ ಕಾಲು ಭಾಗ ಮಾತ್ರ, ಉಳಿದದ್ದು ನಮ್ಮ ದೇಶದ ಹೊಗೆಯಿಲ್ಲದ ಬಾರ್ಲಿ.

ಅದಕ್ಕೇ ಈ ಕ್ರಮ: ಆಕೆಂಟಾಷನ್, ಗ್ಲೆನ್‌ಮೊರೆಂಜಿ, ಗ್ಲೆನ್‌ಡ್ರೊನಾಕ್, ಫ್ಯೂಷನ್, ಟ್ಯಾಲಿಸ್ಕರ್, ಲಗವುಲಿನ್. ಆಕೆಂಟಾಷನ್ ಮೂರು ಸಲ ಭಟ್ಟಿ ಇಳಿಸಿದ್ದು, ತುಂಬಾ ಹಗುರ. ಅದು ಮೊದಲು ಬರದಿದ್ದರೆ ಕಳೆದೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
50% ಇರುವುದನ್ನು 45.8% ಗಿಂತ ಮುಂಚೆ ಕುಡಿದರೆ ನಾಲಿಗೆ ಮರಗಟ್ಟಲ್ವಾ?

ಉತ್ತರ 1:
ಮೊದಲು ಹಾಗೇ ಒಂದು ಸಣ್ಣ ಗುಟುಕು ತೆಗೆದುಕೊಳ್ಳಿ, ಆಮೇಲೆ ನೀರು ಹಾಕಿ. 15 ಎಂಎಲ್ ಫ್ಯೂಷನ್‌ಗೆ ಅರ್ಧ ಟೀ ಚಮಚ, ಅಂದರೆ 2.5 ಎಂಎಲ್ ನೀರು ಬೆರೆಸಿದರೆ ಸುಮಾರು 43% ಗೆ ಇಳಿಯುತ್ತದೆ. ಹಣ್ಣಿನ ವಾಸನೆಯೂ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.

ಉತ್ತರ 2:
ಕ್ರಮ ಒಪ್ಪುತ್ತೇನೆ, ಒಂದು ಜಾಗ ಬಿಟ್ಟು. ಗ್ಲೆನ್‌ಡ್ರೊನಾಕ್ ಪೂರ್ತಿ ಶೆರ್ರಿ (ಸ್ಪೇನಿನ ಒಂದು ಬಗೆಯ ವೈನ್) ಪೀಪಾಯಿಯಲ್ಲಿ ಮಾಗಿದ್ದು, ಅದರ ಒಣದ್ರಾಕ್ಷಿ ಸಿಹಿಯ ಬೆನ್ನಿಗೇ ಫ್ಯೂಷನ್ ಕುಡಿದರೆ ಒಣಒಣ ಅನಿಸುತ್ತದೆ. ನಡುವೆ ಹತ್ತು ನಿಮಿಷ ಬಿಡುವು ಕೊಡಿ, ನೀರು, ಸಪ್ಪೆ ಬ್ರೆಡ್ ಇಡಿ. ಫ್ಯೂಷನ್ನೇ ಮುಖ್ಯ ಅಂದರೆ ಗ್ಲೆನ್‌ಡ್ರೊನಾಕ್ ಇನ್ನೊಂದು ದಿನಕ್ಕೆ ಎತ್ತಿಡಿ, ನಾನಾದರೆ ಅದನ್ನೇ ಮಾಡುತ್ತೇನೆ. ಆರಕ್ಕಿಂತ ಐದು ಒಳ್ಳೆಯದು. ತಲಾ 15 ಎಂಎಲ್ ಅಂದರೂ ಆರಕ್ಕೆ 90 ಎಂಎಲ್, ಮೂರು ಸ್ಮಾಲ್ ಪೆಗ್ ಆಯಿತು, ಯಾರೂ ಗಾಡಿ ಓಡಿಸುವುದು ಬೇಡ.

ಖಾರದ ಕಾಂಗ್ರೆಸ್ ಕಡಲೆಕಾಯಿ, ಬೆಳ್ಳುಳ್ಳಿ ಹಾಕಿದ್ದು ಎಲ್ಲಾ ಟೇಸ್ಟಿಂಗ್ ಮುಗಿದ ಮೇಲೆ. ಊದುಬತ್ತಿಯನ್ನೂ ಅವತ್ತು ಸಂಜೆ ಹಚ್ಚಬೇಡಿ.

ಉತ್ತರ 1:
ಇನ್ನೊಂದು ಮಾತು. ಆರೂ ಗ್ಲಾಸ್ ಒಟ್ಟಿಗೆ ಸುರಿದು ಇಡಬೇಡಿ, ಲಗವುಲಿನ್ ವಾಸನೆ ಇಡೀ ಟೇಬಲ್ ಹಿಡಿಯುತ್ತದೆ. ಅದರ ಬಾಟಲಿ ಅಡುಗೆಮನೆಯಲ್ಲೇ ಇರಲಿ, ಸರದಿ ಬಂದಾಗ ತೆರೆಯಿರಿ. ಅದಕ್ಕೆ ಬೇರೆ ಗ್ಲಾಸ್ ಕೊಡಿ.